‘ಈಗ ಏನು ಮಾಡಿಕೊಂಡಿದ್ದೀಯಪ್ಪ?’

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಔಷಧಿಯಿಂದ ಕಿವಿಯಲ್ಲಿನ ದನಿಗಳು ತಗ್ಗಬಹುದು, ಸಂಶಯ ಇಳಿಯಬಹುದು. ಆದರೆ ಮದುವೆ ಮನೆಯಲ್ಲಿ ಎದುರಾದ ಚಿಕ್ಕಪ್ಪ ಮೇಲಿನ ಪ್ರಶ್ನೆ ಕೇಳಿದರೆ ಏನು ಹೇಳುವುದು? ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ನಾನು ನಡೆಸುವ ಸಾಮಾಜಿಕ ಕೌಶಲ ತರಬೇತಿಯಲ್ಲಿ ಹೆಚ್ಚಿನವರ ಅಂಜಿಕೆ ಇದೇ.

ಪಠ್ಯಕ್ರಮದಲ್ಲಿ ಮೂಲ ಕೌಶಲಗಳು ನಾಲ್ಕು: ಗಮನವಿಟ್ಟು ಆಲಿಸುವುದು, ಬೇಕಾದುದನ್ನು ಕೇಳುವುದು, ಸಂತೋಷವನ್ನು ಹೇಳುವುದು, ಬೇಸರವನ್ನು ಹೇಳುವುದು. (‘ಅಮ್ಮ, ಸಾರು ಚೆನ್ನಾಗಿದೆ’ ಎನ್ನುವುದು ಕಾಯಿಲೆ ಇಲ್ಲದವರಿಗೂ ನಮ್ಮಲ್ಲಿ ಕಷ್ಟವೇ.) ಅವನ್ನು ಕಲಿಸಲು ನಾನು ಬಳಸುವುದು ಅವರು ನಿಜವಾಗಿ ಹೆದರುವ ಪ್ರಸಂಗಗಳನ್ನೇ.

ಕುರ್ಚಿಗಳನ್ನು ಊಟದ ಪಂಕ್ತಿಯಂತೆ ಸಾಲಾಗಿ ಇಡುತ್ತೇವೆ. ಚಿಕ್ಕಪ್ಪನ ಪಾತ್ರ ನನ್ನದು. ಮೊದಲು ಸಹೋದ್ಯೋಗಿ ಉತ್ತರಿಸಿ ತೋರಿಸುತ್ತಾರೆ: ತಲೆ ಎತ್ತು, ಒಂದೇ ವಾಕ್ಯದಲ್ಲಿ ಹೇಳು, ತಿರುಗಿ ಒಂದು ಪ್ರಶ್ನೆ ಕೇಳು. ಹಲಗೆಯ ಮೇಲೂ ಅಷ್ಟನ್ನೇ ಬರೆದಿರುತ್ತೇವೆ. ಈ ಕಾಯಿಲೆಯಲ್ಲಿ ಏಕಾಗ್ರತೆ, ನೆನಪು ಎರಡೂ ಸೊರಗುವುದರಿಂದ ಉದ್ದದ ಉಪದೇಶ ವ್ಯರ್ಥ.

ನಲವತ್ತರ ಆಸುಪಾಸಿನ ಒಬ್ಬರು ನೆಲ ನೋಡುತ್ತಲೇ, “ಆರೋಗ್ಯ ಸರಿಯಿರಲಿಲ್ಲ. ಈಗ ಅಂಗಡಿಯಲ್ಲಿ ಅಣ್ಣನಿಗೆ ನೆರವಾಗುತ್ತೇನೆ” ಎಂದರು. ಸ್ವಲ್ಪ ತಡೆದು, ತಲೆ ಎತ್ತಿ, “ಮಗಳ ಓದು ಮುಗಿಯಿತೇ ಚಿಕ್ಕಪ್ಪ?” ಎಂದರು. ಇಲ್ಲಿ ಬರೀ ‘ಭೇಷ್’ ಸಾಲದು. “ಪ್ರಶ್ನೆ ಕೇಳುವಾಗ ನನ್ನ ಮುಖ ನೋಡಿದಿರಿ” ಎಂದು ಮೊದಲು ಹೇಳಿ, ನಂತರ ಒಂದೇ ಒಂದು ತಿದ್ದುಪಡಿ ಸೂಚಿಸಿದೆ: “ದನಿ ಇನ್ನಷ್ಟು ಗಟ್ಟಿಯಾಗಿರಲಿ.” ಮತ್ತೆ ಆಡಿದೆವು. ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ ಎಂಬುದು ಅವರಿಗೇ ಬಿಟ್ಟದ್ದು. ಆ ವಿಷಯದಲ್ಲಿ ನಾನು ತಲೆ ಹಾಕುವುದಿಲ್ಲ.

ನೆರೆಮನೆಯವರೊಡನೆ ಎರಡು ಮಾತಾಡಿ ಬರುವುದು ನಾವು ಕೊಡುವ ಹೋಂವರ್ಕ್. ಅದು ಕೈಗೂಡದಿದ್ದರೆ ಕಾರಣ ಹಲವು ಬಾರಿ ಮನೆಯಲ್ಲೇ ಇರುತ್ತದೆ. ಮಗ ಬಾಯಿ ತೆರೆಯುವಷ್ಟರಲ್ಲಿ ತಾಯಿ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನ ಸೋಮಾರಿತನವಲ್ಲ, ಮಾತು ಹುಡುಕುವ ಸಮಯ.

ಆ ಅಂಗಡಿಯವರು ಈಗ ಬೇರೆ ಪ್ರಸಂಗ ಕೇಳಿದ್ದಾರೆ. ಮಾತ್ರೆಯಿಂದ ಕೈ ನಡುಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ ಎಂದು ವೈದ್ಯರಿಗೆ ತಾವೇ ಹೇಳಬೇಕಂತೆ. ಮುಂದಿನ ವಾರ ವೈದ್ಯೆಯ ಪಾತ್ರ ನನ್ನದು. ಅವಸರದಲ್ಲಿ ಚೀಟಿ ಬರೆಯುವ ವೈದ್ಯೆ.