ಲೈಟರಿನ ಅನಿಲ, ಬೆಂಗಳೂರಿನ ಒತ್ತಡ

ಪಿಯು ವಿದ್ಯಾರ್ಥಿಗಳಿಗೆ ಆದರ್ಶ ಅನಿಲ ಸಮೀಕರಣವನ್ನು (ಒತ್ತಡ, ಗಾತ್ರ, ತಾಪಗಳಿಂದ ಅನಿಲದ ಪ್ರಮಾಣವನ್ನು ತಿಳಿಸುವ PV = nRT) ಹಲವು ವರ್ಷ ಕಪ್ಪುಹಲಗೆಯ ಮೇಲಷ್ಟೇ ಕಲಿಸಿದ ನಾನು, ಗಾಂಧಿ ಬಜಾರಿನಲ್ಲಿ ಕೊಂಡ ಒಂದು ಸಿಗರೇಟ್ ಲೈಟರಿನಿಂದ ಅದನ್ನು ಸ್ವತಃ ಪರೀಕ್ಷಿಸಿದೆ. ಲೈಟರಿನಲ್ಲಿರುವುದು ಮುಖ್ಯವಾಗಿ ಬ್ಯೂಟೇನ್. ಅದರ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್‌ನ (ಅಣುಗಳ ಒಂದು ನಿಗದಿತ ಸಂಖ್ಯೆಯ) ತೂಕ, 58.12 ಗ್ರಾಂ ಎಂದು ಮೊದಲೇ ಗೊತ್ತಿರುವುದರಿಂದ ನನ್ನ ಲೆಕ್ಕ ಎಷ್ಟು ತಪ್ಪಿದೆಯೆಂದು ಕೂಡಲೇ ತಿಳಿಯುವಂತಿತ್ತು.

ಕಿಟಕಿಗಳನ್ನು ತೆರೆದು, ಹತ್ತಿರ ಎಲ್ಲೂ ಬೆಂಕಿಯಿಲ್ಲವೆಂದು ಖಚಿತಪಡಿಸಿಕೊಂಡು, ಲೈಟರಿನ ಚಕ್ರವನ್ನೂ ಕಿಡಿಕಲ್ಲನ್ನೂ ತೆಗೆದು ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿದೆ. ನೀರು ತುಂಬಿದ ಅಳತೆ ಜಾಡಿಯನ್ನು ಬಕೆಟ್ಟಿನ ನೀರಿನಲ್ಲಿ ಬೋರಲು ಹಿಡಿದು, ಅದರ ಬಾಯಿಯ ಕೆಳಗೆ ಲೈಟರನ್ನು ಒತ್ತಿ 100 ಮಿ.ಲೀ. ಅನಿಲ ಸಂಗ್ರಹಿಸಿದೆ. ಜಾಡಿಯ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಗಳನ್ನು ಸಮ ಮಾಡಿದ ಮೇಲೆಯೇ ಅಳತೆ ಓದಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಒತ್ತಡ ಸುಮಾರು ಒಂದು ಹೆಕ್ಟೋಪಾಸ್ಕಲ್‌ನಷ್ಟು ಬದಲಾಗುತ್ತದೆ. ಲೈಟರಿನ ಸಂದುಗಳಲ್ಲಿ ಉಳಿದ ನೀರು ತೂಕವನ್ನು ಕೆಡಿಸುವುದರಿಂದ ಅದನ್ನು ಒಂದು ರಾತ್ರಿ ಒಣಗಲು ಬಿಟ್ಟೆ. ಮರುದಿನ ಅದರ ತೂಕ 0.204 ಗ್ರಾಂ ಇಳಿದಿತ್ತು.

ನೀರಿನ ತಾಪ 25 ಡಿಗ್ರಿ ಸೆಲ್ಸಿಯಸ್, ಅಂದರೆ 298.15 ಕೆಲ್ವಿನ್. ಅಭ್ಯಾಸಬಲದಿಂದ ಒತ್ತಡವನ್ನು 1013.25 ಹೆಕ್ಟೋಪಾಸ್ಕಲ್ ಎಂದೇ ಇಟ್ಟುಕೊಂಡಾಗ ಬಂದ ಉತ್ತರ ಮೋಲ್‌ಗೆ 49.9 ಗ್ರಾಂ. ತಕ್ಕಡಿಯನ್ನು ಅನುಮಾನಿಸಿದೆ, ಗುಳ್ಳೆಗಳು ಜಾಡಿಯ ಹೊರಗೆ ತಪ್ಪಿಹೋದವೇನೋ ಎಂದು ಪ್ರಯೋಗವನ್ನು ಮತ್ತೆ ಮಾಡಿದೆ. ಉತ್ತರ ಹೆಚ್ಚುಕಡಿಮೆ ಅಷ್ಟೇ ಬಂತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಕುಳಿತು ಸಮುದ್ರತೀರದ ಒತ್ತಡವನ್ನು ಬಳಸುತ್ತಿದ್ದೇನೆಂದು ಹೊಳೆದದ್ದು ಆಮೇಲೆ. ಹವಾಮಾನ ವರದಿಯ ಅಂಕಿಯೂ ಇಲ್ಲಿ ನೆರವಾಗದು, ಏಕೆಂದರೆ ಅದನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿ ಕೊಟ್ಟಿರುತ್ತಾರೆ. ಮೊಬೈಲಿನ ಒತ್ತಡಮಾಪಕ ತೋರಿಸಿದ 912 ಹೆಕ್ಟೋಪಾಸ್ಕಲ್ ಬಳಸಿದಾಗ ಉತ್ತರ 55.4ಕ್ಕೆ ಏರಿತು. ಜಾಡಿಯಲ್ಲಿ ಬ್ಯೂಟೇನಿನ ಜೊತೆ ನೀರಾವಿಯೂ ಇರುವುದರಿಂದ, 25 ಡಿಗ್ರಿಯಲ್ಲಿ ಅದರ ಒತ್ತಡವಾದ 31.7 ಹೆಕ್ಟೋಪಾಸ್ಕಲ್ ಅನ್ನು ಕಳೆದೆ. ಉಳಿದ 880.3ರಿಂದ 0.00355 ಮೋಲ್ ದೊರೆಯಿತು, 0.204 ಗ್ರಾಂ ಅನ್ನು ಅದರಿಂದ ಭಾಗಿಸಿದಾಗ ಬಂದದ್ದು 57.4.

ಉಳಿದ ವ್ಯತ್ಯಾಸಕ್ಕೆ ಒಂದೇ ಕಾರಣ ಹೇಳಲಾರೆ. ಲೈಟರಿನಲ್ಲಿ ಬೆರೆತಿರಬಹುದಾದ, ಬ್ಯೂಟೇನಿಗಿಂತ ಹಗುರವಾದ ಪ್ರೊಪೇನ್ ಉತ್ತರವನ್ನು ತಗ್ಗಿಸುತ್ತದೆ. ಐಸೋಬ್ಯೂಟೇನಿನ ಅಣುಸೂತ್ರ ಬ್ಯೂಟೇನಿನದೇ ಆದ್ದರಿಂದ ಅದು ಏನನ್ನೂ ಬದಲಿಸದು. ಬ್ಯೂಟೇನ್ ಪೂರ್ಣ ಆದರ್ಶ ಅನಿಲವಲ್ಲ ಎಂಬುದು ಉತ್ತರವನ್ನು ತುಸು ಏರಿಸುತ್ತದೆ. ಈಗ ನನ್ನ ವಿದ್ಯಾರ್ಥಿಗಳು ಲೈಟರನ್ನು ಮುಟ್ಟುವ ಮೊದಲೇ ಆ ದಿನದ ಒತ್ತಡವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.