ಬೂಮಿಗೊಂದು ಮೂಗುದಾರ

ಹಾಯಿದೋಣಿಯ ಕೂವೆಮರದಿಂದ, ಅಂದರೆ ಹಾಯಿ ಕಟ್ಟುವ ಕಂಬದಿಂದ, ಹಿಂದಕ್ಕೆ ಅಡ್ಡಲಾಗಿ ಚಾಚಿಕೊಂಡು, ದೊಡ್ಡ ಹಾಯಿಯ ಕೆಳಗಿನ ಅಂಚನ್ನು ಹಿಡಿದಿರುವ ದಂಡವೇ ಬೂಮ್. ಡಚ್ ಭಾಷೆಯಲ್ಲಿ ಆ ಪದಕ್ಕೆ ಮರವೆಂದೇ ಅರ್ಥ. ಈಗಿನವು ಅಲ್ಯೂಮಿನಿಯಂ ಆಗಿದ್ದರೂ ತಲೆಗೆ ಬಡಿದಾಗ ವ್ಯತ್ಯಾಸ ತಿಳಿಯುವುದಿಲ್ಲ.

ಗಾಳಿ ಬೆನ್ನಿಗಿರುವಾಗ ಬೂಮನ್ನು ಒಂದು ಮಗ್ಗುಲಿಗೆ ಪೂರ್ತಿ ಹೊರಚಾಚಿ ಸಾಗುತ್ತಾರೆ. ಆಗ ಒಂದು ಅಲೆ ದೋಣಿಯನ್ನು ತುಸು ತಿರುಗಿಸಿತೆಂದರೆ ಗಾಳಿ ಹಾಯಿಯ ಮತ್ತೊಂದು ಬದಿಗೆ ನುಗ್ಗಿ, ಬೂಮ್ ಇಡೀ ದೋಣಿಯ ಮೇಲೆ ಬೀಸಿಕೊಂಡು ಆಚೆ ಮಗ್ಗುಲಿಗೆ ಹೋಗುತ್ತದೆ. ಇದೇ ಜೈಬ್. ಬೇಕೆಂದು ಮಾಡಿದರೆ ಕೌಶಲ, ತಾನಾಗಿ ಆದರೆ ಅಪಘಾತ. 2015ರಲ್ಲಿ ಪೋರ್ಚುಗಲ್ ಕರಾವಳಿಯಾಚೆ, ಕ್ಲಿಪ್ಪರ್ ಎಂಬ ಭೂಮಿ ಸುತ್ತುವ ಹಾಯಿದೋಣಿ ಓಟದ ದೋಣಿಯೊಂದರಲ್ಲಿ ಒಬ್ಬರು ಹೀಗೆ ಸತ್ತರು. ಬೂಮಿನಿಂದ ತಪ್ಪಿಸಿಕೊಂಡರೂ ಅದರೊಂದಿಗೆ ಬೀಸಿ ಬರುವ, ಹಾಯಿಯನ್ನು ಹತೋಟಿಯಲ್ಲಿಡುವ ಶೀಟ್ ಹಗ್ಗ ಬಿಡುವುದಿಲ್ಲ. ಇದನ್ನು ತಡೆಯಲು ಬೂಮನ್ನು ಮುಂದಕ್ಕೆ ಎಳೆದು ಕಟ್ಟುವ ಮೂಗುದಾರವೇ ಪ್ರಿವೆಂಟರ್.

ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಾಡುವಂಥ ಪುಟ್ಟ ಡಿಂಗಿಗಳಿಗೆ ಈ ಏರ್ಪಾಟು ಬೇಡ, ಅಲ್ಲಿ ತಲೆ ತಗ್ಗಿಸುವುದೇ ಉಪಾಯ. ಮೂವತ್ತು ಅಡಿ ಮೀರಿದ, ಕಡಲಿಗಿಳಿಯುವ ದೋಣಿಗೆ ಮಾತ್ರ ಪ್ರಿವೆಂಟರ್ ಬೇಕೇ ಬೇಕು. ಹೆಸರು ದೊಡ್ಡದು, ವಸ್ತು ಹಗ್ಗವೇ.

ಮೊದಲು, ಎಲ್ಲಿ ಕಟ್ಟಬೇಕು? ಬಹಳ ಮಂದಿ ಬೂಮಿನ ನಡುವೆ ಕೊಕ್ಕೆ ಸಿಕ್ಕಿಸಿ, ದೋಣಿಯ ಅಂಚಿಗೆ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಹೋರಿಯನ್ನು ಹೊಟ್ಟೆಗೆ ಹಗ್ಗ ಸುತ್ತಿ ಎಳೆದಂತೆ ಇದು. ನಾಲ್ಕು ಮೀಟರ್ ಉದ್ದದ ಬೂಮನ್ನು ಕೂವೆಮರದಿಂದ ಒಂದೇ ಮೀಟರಿನಲ್ಲಿ ಹಿಡಿದರೆ, ತುದಿಯಲ್ಲಿ ಹಿಡಿದಾಗ ಬೀಳುವುದರ ನಾಲ್ಕು ಪಟ್ಟು ಭಾರ ಹಗ್ಗದ ಮೇಲೆ ಬೀಳುತ್ತದೆ. ಸಾಲದ್ದಕ್ಕೆ ಹಗ್ಗ ಬೂಮನ್ನು ಮುಂದಕ್ಕೆ ಎಳೆಯುವ ಬದಲು ಕೆಳಕ್ಕೆ ಜಗ್ಗುತ್ತದೆ, ದಂಡ ನಡುವೆಯೇ ಬಾಗಬಹುದು. ಮೂಗುದಾರ ಮೂಗಿಗೇ ಇರಬೇಕು, ಅಂದರೆ ಬೂಮಿನ ಹಿಂತುದಿಗೆ.

ಆದರೆ ಬೂಮ್ ಹೊರಚಾಚಿದಾಗ ಆ ತುದಿ ನೀರಿನ ಮೇಲಿರುತ್ತದೆ, ಕೈಗೆಟುಕದು. ಅದಕ್ಕಾಗಿ ಬೂಮಿಗಿಂತ ಒಂದು ಗೇಣು ಕಡಿಮೆ ಉದ್ದದ ಹಗ್ಗವೊಂದನ್ನು ತುದಿಯ ಬಳೆಗೆ ಕಾಯಂ ಆಗಿ ಕಟ್ಟಿ, ಅದರ ಇನ್ನೊಂದು ತುದಿಗೆ ಕುಣಿಕೆ ಮಾಡಿ, ಬೂಮಿನುದ್ದಕ್ಕೂ ತಂದು ಕೂವೆಮರದ ಹತ್ತಿರ ಸಿಕ್ಕಿಸಿಡಿ. ಬೇಕಾದಾಗ ದೋಣಿಯ ನಡುವೆ ನಿಂತೇ ಬಿಚ್ಚಿಕೊಳ್ಳಬಹುದು.

ಮುಂದಿನದು ದೋಣಿಯ ಮೂತಿ. ಎಡಕ್ಕೊಂದು, ಬಲಕ್ಕೊಂದು ರಾಟೆ ಕೂರಿಸಿ. ಹಗ್ಗ ಇಲ್ಲಿ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಹೊರಳುವುದರಿಂದ ರಾಟೆಯ ಮೇಲೆ ಹಗ್ಗದ ಎಳೆತದ ಸುಮಾರು ಎರಡು ಪಟ್ಟು ಭಾರ ಬೀಳುತ್ತದೆ. ಕೊಳ್ಳುವಾಗ ಈ ಲೆಕ್ಕ ನೆನಪಿರಲಿ. ಕಟಕಟೆಯ ಕಂಬಿಗಳಿಗೆ ಎಂದೂ ಕಟ್ಟಬೇಡಿ. ಡೆಕ್ಕಿಗೆ ಆರಪಾರ ಬೋಲ್ಟ್ ಹಾಕಿ, ಅಡಿಯಲ್ಲಿ ಲೋಹದ ತಗಡು ಕೊಟ್ಟು, ತೂತಿಗೆ ಸೀಲೆಂಟ್ ತುಂಬಿ ಬಿಗಿಯಿರಿ. ಬರೀ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ.

ಹಗ್ಗ ಪಾಲಿಯೆಸ್ಟರಿನದಾಗಿರಲಿ, 12 ಮಿ.ಮೀ. ದಪ್ಪ, ಎರಡು ಬದಿಗೂ ತಲಾ 15 ಮೀಟರ್. ನೈಲಾನ್ ಹಿಗ್ಗಿ ಹೊಡೆತ ತಾಳುತ್ತದೆ ಎಂದು ಕೆಲವರು ಹೊಗಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಹಿಗ್ಗಿದಷ್ಟೂ ಬೂಮಿಗೆ ವೇಗ ಕೂಡುತ್ತದೆ. ಬೂಮಿನ ಹಗ್ಗದ ಕುಣಿಕೆಗೆ ಇದರ ಒಂದು ತುದಿಯನ್ನು ಕಟ್ಟಿ, ಕೂವೆಮರ ಬಿಗಿದಿರುವ ತಂತಿಗಳ ಹೊರಗಿನಿಂದಲೇ ಒಯ್ದು, ಮೂತಿಯ ರಾಟೆಯಲ್ಲಿ ತೂರಿಸಿ, ಚುಕ್ಕಾಣಿ ಹಿಡಿದವರು ಕೂರುವ ಕಾಕ್‌ಪಿಟ್ಟಿಗೆ ತನ್ನಿ. ತಂತಿಯ ಒಳಗಿನಿಂದ ಹೋದರೆ ಹಗ್ಗ ಉಜ್ಜಿ ಸವೆಯುತ್ತದೆ.

ಕಾಕ್‌ಪಿಟ್ಟಿನಲ್ಲಿ ಹಗ್ಗದ ಕೊನೆ, ಸುತ್ತಿ ಎಳೆಯುವ ಉರುಳೆಯಾದ ವಿಂಚ್‌ಗೆ ಎರಡು ಮೂರು ಸುತ್ತು ಬರಲಿ. ಹಗ್ಗವನ್ನು ಕಚ್ಚಿ ಹಿಡಿದು ಥಟ್ಟನೆ ಬಿಟ್ಟುಕೊಡುವ ಕ್ಲಚ್ ಇಲ್ಲಿ ಅಪಾಯಕಾರಿ. ಬೂಮ್ ನೀರಿಗೆ ಅದ್ದಿದಾಗಲೋ ಗಾಳಿ ಹಾಯಿಯ ತಪ್ಪು ಬದಿಗೆ ಹೊಕ್ಕಾಗಲೋ ಹಗ್ಗವನ್ನು ಅಂಗುಲ ಅಂಗುಲವಾಗಿ ಸಡಿಲಿಸಬೇಕಾಗುತ್ತದೆ. ಅದನ್ನು ಕುಳಿತಲ್ಲಿಂದಲೇ ಮಾಡುವಂತಿರಬೇಕು, ಆ ಹೊತ್ತಿನಲ್ಲಿ ಯಾರೂ ಮುಂದಕ್ಕೆ ಓಡಬಾರದು.

ಪದೇ ಪದೇ ಜೈಬ್ ಮಾಡುವವರು ಬೂಮ್ ಬ್ರೇಕ್ ಹಾಕಿಸಿಕೊಳ್ಳುತ್ತಾರೆ. ಫ್ರಾನ್ಸಿನ ವಿಶಾರ್ ಕಂಪನಿಯದೂ ಒಂದಿದೆ. ಬೂಮಿಗೆ ತೂಗುಬಿಟ್ಟ ಬ್ರೇಕಿನಲ್ಲಿ ಎರಡು ಮಗ್ಗುಲಿಗೂ ಎಳೆದು ಕಟ್ಟಿದ ಹಗ್ಗ ತಿಕ್ಕುತ್ತಾ ಸರಿಯುತ್ತದೆ. ಅದು ಬೂಮನ್ನು ನಿಧಾನಿಸುತ್ತದೆಯೇ ಹೊರತು ಹಿಡಿದು ನಿಲ್ಲಿಸುವುದಿಲ್ಲ.

ಎಲ್ಲ ಮುಗಿದ ಮೇಲೆ ಎಂಟು ಹತ್ತು ನಾಟ್ ವೇಗದ ಹಗುರ ಗಾಳಿಯ ದಿನ, ಎಲ್ಲರನ್ನೂ ತಗ್ಗಿ ಕೂರಿಸಿ, ಬೇಕೆಂದೇ ಚುಕ್ಕಾಣಿ ತಿರುಗಿಸಿ ಗಾಳಿಯನ್ನು ಹಾಯಿಯ ತಪ್ಪು ಬದಿಗೆ ಬಿಡಿ. ಹಗ್ಗ ಬಿಗಿದು ಬೂಮ್ ಅಲ್ಲೇ ನಿಂತರೆ ಮೆಲ್ಲಗೆ ಸಡಿಲಿಸಿ ನೋಡಿ. ಬಂದರಿಗೆ ಮರಳಿದ ಮೇಲೆ ಮೂತಿಯ ರಾಟೆಯಲ್ಲಿ ಹೊರಳಿದ ಹಗ್ಗದ ಭಾಗವನ್ನು ಬೆರಳಿನಿಂದ ಸವರಿ, ಎಳೆ ಎದ್ದಿದೆಯೇ ಪರೀಕ್ಷಿಸಿ.