ಹೆಪಟೈಟಿಸ್ ಬಿ ಇಲಿಯಲ್ಲಿ ಏಕೆ ಬೆಳೆಯದು: ಪಿಯು ತರಗತಿಗೆ ಬೀಗ, ರಿಬ್ಬನ್ನಿನ ಪಾಠ

'ಇಲಿಯ ಯಕೃತ್ತಿನಲ್ಲಿ ವೈರಸ್‌ಗೆ ಒಪ್ಪುವ ಬೀಗವಿಲ್ಲ' ಎಂದು ನಿಲ್ಲಿಸಿದರೆ ಪಾಠ ಅರ್ಧವೇ ಆಗುತ್ತದೆ. ಹೆಪಟೈಟಿಸ್ ಬಿ ಅಲ್ಲಿ ಎಡವುವುದು ಎರಡು ಕಡೆ.

ಎರಡು ಶೂ ಡಬ್ಬ ತಗೊಂಡು 'ಮನುಷ್ಯ', 'ಇಲಿ' ಎಂದು ಬರೆಯಿರಿ. ಮುಚ್ಚಳಕ್ಕೂ ಬದಿಗೂ ತೂತು ಕೊರೆದು, ರಟ್ಟು ಹರಿಯದಂತೆ ಸುತ್ತ ಗಮ್ ಟೇಪ್ ಅಂಟಿಸಿ. ಚಿಕ್ಕಪೇಟೆಯಲ್ಲಿ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಬೀಗ ಕೊಳ್ಳಿ. ಅಂಗಡಿಯಲ್ಲೇ ನೋಡಿ: ಒಂದರ ಕೀ ಇನ್ನೊಂದರೊಳಗೆ ಹೋಗಬೇಕು, ತಿರುಗಬಾರದು. ಇದನ್ನು ಬಿಟ್ಟರೆ ಪಾಠವೇ ತಪ್ಪಾಗುತ್ತದೆ. ಕೀ ಎಂದರೆ ವೈರಸ್, ಬೀಗ ಎಂದರೆ ಯಕೃತ್ತಿನ ಕೋಶದ ಮೇಲಿನ ಎನ್‌ಟಿಸಿಪಿ ಎಂಬ ಪ್ರೋಟೀನು. ಪಿತ್ತದ ಲವಣಗಳನ್ನು ಕೋಶದೊಳಗೆ ಎಳೆದುಕೊಳ್ಳುವುದು ಅದರ ನಿಜವಾದ ಕೆಲಸ. ವೈರಸ್‌ಗೂ ಅದೇ ಬಾಗಿಲೆಂದು ತಿಳಿದದ್ದು 2012ರಲ್ಲಿ. ಇಲಿಯ ಎನ್‌ಟಿಸಿಪಿಗೆ ವೈರಸ್ ಅಂಟಬಲ್ಲದು, ಒಳಹೋಗಲಾರದು. 84ರಿಂದ 87ನೇ ಅಮೈನೊ ಆಮ್ಲಗಳು ಅಲ್ಲಿ ಬೇರೆ. ಮಕಾಕ್ ಕೋತಿಯಲ್ಲಾದರೆ ಕೀ ತೂರುವುದೇ ಇಲ್ಲ, ಅದಕ್ಕೆ ಬೇರೆ ಕಂಪನಿಯ ಬೀಗ ತೋರಿಸಿ.

ಈಗ ಮನುಷ್ಯನ ಬೀಗವನ್ನು ಇಲಿ ಡಬ್ಬಕ್ಕೆ ಹಾಕಿ ತೆರೆಯಿರಿ. ವೈರಸ್ ಗೆದ್ದಿತು ಎಂದು ಮಕ್ಕಳು ಹೇಳುತ್ತಾರೆ. ಆಗ ರಿಬ್ಬನ್ ತೆಗೆಯಿರಿ: ಕೆಂಪು 32 ಸೆಂ.ಮೀ., ಬಿಳಿ 22 ಸೆಂ.ಮೀ., ಒಂದರ ಮೇಲೊಂದಿಟ್ಟು ಬಳೆಯಂತೆ ಬಾಗಿಸಿ. 1 ಸೆಂ.ಮೀ. ಎಂದರೆ ಡಿಎನ್‌ಎಯ 100 ಅಕ್ಷರ, ಕೆಂಪು ಸುಮಾರು 3,200. ವೈರಸ್ ತರುವ ಡಿಎನ್‌ಎ ಹೀಗೆಯೇ, ಒಂದು ಎಳೆ ಮೊಟಕು. ಮನುಷ್ಯನ ಕೋಶದ ರಿಪೇರಿ ಕಿಣ್ವಗಳು ಅದನ್ನು ಪೂರ್ಣ ವೃತ್ತ ಮಾಡುತ್ತವೆ. ಆದ್ದರಿಂದ ಮನುಷ್ಯ ಡಬ್ಬದಲ್ಲಿ ಬಿಳಿ ರಿಬ್ಬನ್ ತುಂಡು, ಟೇಪ್ ಇಟ್ಟಿರಿ. ಇಲಿ ಡಬ್ಬ ಖಾಲಿ. ಮಾನವ ಎನ್‌ಟಿಸಿಪಿ ಸೇರಿಸಿದ ಇಲಿಯಲ್ಲೂ ವೈರಸ್ ನಿಲ್ಲುವುದು ಬಹುಮಟ್ಟಿಗೆ ಈ ಹಂತದಲ್ಲೇ.

ಹಾಗಾದರೆ ಇಲಿ ಕೋಶ ವೈರಸ್ ತಯಾರಿಸಲಾರದೇ? ತಯಾರಿಸಬಲ್ಲದು! ವೈರಸ್ ಜೀನೋಮನ್ನು ನೇರ ಕ್ರೋಮೋಸೋಮಿಗೆ ಸೇರಿಸಿದ ಇಲಿಗಳು ಯಕೃತ್ತಿನಲ್ಲಿ ವೈರಸ್ ಕಣಗಳನ್ನು ಮಾಡುತ್ತವೆ. ಅಡುಗೆಮನೆ ಸರಿಯಾಗಿದೆ, ಸಾಮಾನು ಹೊಂದಿಸುವ ಕೆಲಸ ನಡೆಯುವುದಿಲ್ಲ. ಹೆಪಟೈಟಿಸ್ ಡಿ ಇದಕ್ಕೆ ಒಳ್ಳೆಯ ಸಾಕ್ಷಿ: ಅದು ಬಿ ವೈರಸ್‌ನದೇ ಹೊರಕವಚ ತೊಟ್ಟು ಅದೇ ಬಾಗಿಲಿನಿಂದ ನುಗ್ಗುತ್ತದೆ, ಆದರೆ ಆರ್‌ಎನ್‌ಎ ವೈರಸ್, ಡಿಎನ್‌ಎ ವೃತ್ತ ಪೂರ್ಣ ಮಾಡುವ ಹಂತ ಅದಕ್ಕೆ ಬೇಕಿಲ್ಲ. ಮಾನವ ಎನ್‌ಟಿಸಿಪಿ ಇದ್ದರೆ ಇಲಿಯಲ್ಲೂ ಅದರ ಆರ್‌ಎನ್‌ಎ ನಕಲಾಗುತ್ತದೆ.

'ಯಾವ ಯಕೃತ್ತಿನ ವೈರಸ್ಸೂ ಪ್ರಾಣಿಗೆ ಬರದು' ಎಂದು ಮಾತ್ರ ಹೇಳಬೇಡಿ. ಹೆಪಟೈಟಿಸ್ ಇ ವೈರಸ್‌ನ 3, 4ನೇ ಜೀನೋಟೈಪ್‌ಗಳು (ತಳಿಗಳು) ಹಂದಿಯಲ್ಲೂ ಬೆಳೆಯುತ್ತವೆ. ಹೆಪಟೈಟಿಸ್ ಸಿ ಕೇಳಿದರೆ ಡಬ್ಬಕ್ಕೆ ನಾಲ್ಕು ಬೀಗ ಬೇಕು. ಇಲಿಯಲ್ಲಿ ಕೈಕೊಡುವುದು ಅವುಗಳಲ್ಲಿ ಸಿಡಿ81, ಆಕ್ಲೂಡಿನ್ ಎಂಬ ಎರಡು ಪ್ರೋಟೀನುಗಳೇ.